ಹಿಂದಿನ ಸೀಟಿನ ಲೆಕ್ಕಾಚಾರ

ಕೊಳ್ಳೇಗಾಲದಿಂದ ಲೊಕ್ಕನಹಳ್ಳಿ ದಾಟಿ ಒಡೆಯರಪಾಳ್ಯಕ್ಕೆ ಏರುವ ರಸ್ತೆ, ಅಲ್ಲಿಂದ ಕಾಡು ಹಾಯ್ದು ತಮಿಳುನಾಡಿನ ಹಾಸನೂರಿನ ಕಡೆ ಹೊರಳುವ ದಾರಿ, ಇನ್ನೊಂದು ಮಗ್ಗುಲಿಗೆ ಹನೂರಿನಾಚೆ ತಾಳಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ಸುತ್ತಿಕೊಂಡು ಹತ್ತುವ ಘಾಟಿ. ಸ್ಟೀರಿಂಗ್ ಹಿಡಿಯುವ ಚಟವಿರುವವರ ಕಣ್ಣಿಗೆ ಇವು ಬರೀ ಊರಿಂದೂರಿಗೆ ಹೋಗುವ ರಸ್ತೆಗಳಲ್ಲ. ಹಳೆಯ ಸ್ವಿಫ್ಟೋ ಪೋಲೊ ಜಿಟಿಯೋ, ಒಟ್ಟಿನಲ್ಲಿ ಚುರುಕಾದ ಸಣ್ಣ ಕಾರೊಂದು ಕೈಗೆ ಬಂದರೆ, ಏರಿನಲ್ಲಿ ಅದು ಇನ್ನಷ್ಟು ಚಿಮ್ಮಬೇಕು ಎಂಬ ಆಸೆ ತಾನಾಗಿಯೇ ಹುಟ್ಟುತ್ತದೆ. ಎಂಜಿನ್ ಮುಟ್ಟುವುದಕ್ಕೆ ದುಡ್ಡು ಬೇಕು, ಒಳ್ಳೆಯ ಟೈರಿಗೆ ಇನ್ನೂ ದುಡ್ಡು ಬೇಕು. ದುಡ್ಡೇ ಬೇಡದ, ಮನೆಯಂಗಳದಲ್ಲಿ ಒಂದು ಭಾನುವಾರ ಮುಗಿಸಬಹುದಾದ ಉಪಾಯ ಒಂದಿದೆ. ಹಿಂದಿನ ಸೀಟನ್ನು ಕಿತ್ತು ಅಟ್ಟಕ್ಕೆ ಹಾಕುವುದು. ರೇಸ್ ಕಾರುಗಳಲ್ಲಿ ಹಿಂದಿನ ಸೀಟು ಇರುವುದಿಲ್ಲ, ಹಾಗಾಗಿ ಸೀಟಿಲ್ಲದ ಕಾರು ರೇಸ್ ಕಾರಿಗೆ ಒಂದು ಹೆಜ್ಜೆ ಹತ್ತಿರ ಎಂಬುದು ಇದರ ಹಿಂದಿರುವ ತರ್ಕ. ಕೇಳಲು ಸರಿಯಾಗಿಯೇ ಇದೆ. ಆದರೆ ಲೆಕ್ಕ ಹಾಕಿ ನೋಡಿದರೆ ಈ ಕೆಲಸದಲ್ಲಿ ಸಿಗುವುದು ಬಹಳ ಕಡಿಮೆ, ಕಳೆದುಹೋಗುವುದು ಬಹಳ ಹೆಚ್ಚು. ಸೀಟನ್ನು ಬಿಚ್ಚಲೇಬಾರದು ಎಂದು ನಾನು ಹೇಳುತ್ತಿಲ್ಲ. ಬಿಚ್ಚಲು ಒಳ್ಳೆಯ ಕಾರಣಗಳಿವೆ. ಬಿಚ್ಚಿದ ಕಾರನ್ನು ಹಾಗೆಯೇ ರಸ್ತೆಗೆ ಇಳಿಸಬಾರದು ಎಂಬುದಷ್ಟೇ ನನ್ನ ವಾದ.

ಮೊದಲು ಕೆಲಸವನ್ನೇ ನೋಡೋಣ, ಏಕೆಂದರೆ ಅದು ಅಷ್ಟು ಸುಲಭವಾಗಿರುವುದೇ ಜನರನ್ನು ದಾರಿ ತಪ್ಪಿಸುತ್ತದೆ. ಬಹುಪಾಲು ಸಣ್ಣ ಕಾರುಗಳಲ್ಲಿ ಹಿಂದಿನ ಸೀಟು ಎರಡು ಭಾಗ: ಕೂರುವ ಮೆತ್ತೆ, ಒರಗುವ ಬೆನ್ನು. ಮೆತ್ತೆಯ ಮುಂಭಾಗ ಎರಡು ಕೊಕ್ಕೆಗಳಿಗೆ ಸಿಕ್ಕಿಕೊಂಡಿರುತ್ತದೆ. ಅಂಚಿನ ಕೆಳಗೆ ಕೈ ತೂರಿಸಿ, ಕೊಕ್ಕೆ ಇರುವ ಜಾಗದಲ್ಲೇ ಹಿಡಿದು ಮೇಲಕ್ಕೆ ಜಗ್ಗಿದರೆ ಟಕ್ಕೆಂದು ಬಿಡುತ್ತದೆ. ಕೆಲವು ಕಾರುಗಳಲ್ಲಿ ಕೊಕ್ಕೆಯ ಬದಲು ಒಂದೆರಡು ಬೋಲ್ಟು ಇರುತ್ತವೆ. ಮೆತ್ತೆ ಎತ್ತುವಾಗ ಸೀಟ್ ಬೆಲ್ಟಿನ ಬಕಲ್‌ಗಳನ್ನು ಅವುಗಳ ಸೀಳಿನಿಂದ ಕೆಳಕ್ಕೆ ನುಸುಳಿಸಬೇಕು, ಇಲ್ಲದಿದ್ದರೆ ಬಟ್ಟೆ ಹರಿಯುತ್ತದೆ. ಬೆನ್ನಿನ ಭಾಗ ಬದಿಗಳಲ್ಲಿ, ಎರಡು ತುಂಡಾಗಿ ಮಡಚುವ ಸೀಟಾದರೆ ನಡುವೆಯೂ, ಕೀಲುಗಳ ಮೇಲೆ ನಿಂತಿರುತ್ತದೆ. ಹನ್ನೆರಡು ಅಥವಾ ಹದಿನಾಲ್ಕರ ಸಾಕೆಟ್ ಇದ್ದರೆ ಆ ಬೋಲ್ಟುಗಳು ಬರುತ್ತವೆ. ಹೊಸ ಕಾರುಗಳಲ್ಲಿ ಹಿಂದೆ ಕೂತವರು ಬೆಲ್ಟ್ ಹಾಕದಿದ್ದರೆ ಕೂಗುವ ವ್ಯವಸ್ಥೆ ಇರುವುದರಿಂದ ಬಕಲ್ಲಿಗೂ ಮೆತ್ತೆಯ ಅಡಿಗೂ ತೆಳುವಾದ ವೈರು ಬಂದಿರುತ್ತದೆ. ಅದನ್ನು ನೋಡದೆ ಎಳೆದರೆ ಕನೆಕ್ಟರ್ ಮುರಿಯುತ್ತದೆ, ಆಮೇಲೆ ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪ ಆರುವುದೇ ಇಲ್ಲ. ಬ್ಯಾಟರಿಯ ನೆಗೆಟಿವ್ ಕಳಚಿ, ಕೆಲವು ನಿಮಿಷ ಬಿಟ್ಟು, ಆನಂತರ ಕೈ ಹಾಕುವುದು ಕ್ಷೇಮ. ಬೆಲ್ಟಿನ ಬುಡವನ್ನು ಬಾಡಿಗೆ ಬಿಗಿದ ದಪ್ಪ ಬೋಲ್ಟುಗಳನ್ನು ಮಾತ್ರ ಮುಟ್ಟಬಾರದು. ಅವನ್ನು ಬಿಚ್ಚಿದರೆ ಮತ್ತೆ ಕಂಪನಿ ಹೇಳಿದಷ್ಟೇ ಬಿಗಿಗೆ, ಟಾರ್ಕ್ ಸ್ಪ್ಯಾನರಿನಲ್ಲೇ, ಕೂರಿಸಬೇಕಾಗುತ್ತದೆ.

ಮೆತ್ತೆ ಎತ್ತಿದಾಗ ಅಡಿಯಲ್ಲಿ ಕಾಣುವುದು ಎಲ್ಲ ಕಾರಿನಲ್ಲೂ ಹೆಚ್ಚುಕಡಿಮೆ ಒಂದೇ: ಕಡಲೆಕಾಯಿ ಸಿಪ್ಪೆ, ಒಂದೆರಡು ನಾಣ್ಯ, ವಿಭೂತಿ ಪೊಟ್ಟಣ, ಮುರಿದ ಪೆನ್ನಿನ ಮುಚ್ಚಳ. ಹೊಲದ ಪಕ್ಕ, ಮುಸುಕಿನ ಜೋಳ ಹರಡಿದ ಕಣದ ಪಕ್ಕ ನಿಲ್ಲುವ ಕಾರಾದರೆ ಇಲಿಯ ಗೂಡೂ ಇರಬಹುದು. ಸೀಟಿನ ಸ್ಪಂಜನ್ನೇ ಹಿಂಜಿ ಗೂಡು ಮಾಡಿಕೊಂಡ ಇಲಿಗಳಿಗೆ ಪಕ್ಕದ ವೈರು ಹಲ್ಲು ಮಸೆಯುವ ಸಾಮಾನು. ಇವೆಲ್ಲದರ ನಡುವೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ತಗಡಿನ ಅಥವಾ ಪ್ಲಾಸ್ಟಿಕ್ ಮುಚ್ಚಳ ಕಾಣುತ್ತದೆ. ಅನೇಕ ಕಾರುಗಳಲ್ಲಿ ಅದರ ಕೆಳಗಿರುವುದು ಪೆಟ್ರೋಲ್ ಪಂಪು, ಅದರ ಕೆಳಗೆ ಟ್ಯಾಂಕು. ನಾವು ಕೂತು ಹೋಗುವುದು ಟ್ಯಾಂಕಿನ ಮೇಲೆಯೇ ಎಂಬುದು ಬಹಳ ಜನಕ್ಕೆ ಗೊತ್ತಾಗುವುದು ಸೀಟು ಎತ್ತಿದ ದಿನ. ಇಲಿ ಕಡಿದ ವೈರು ಸರಿಪಡಿಸಲು, ಪಂಪು ಬದಲಿಸಲು, ಮಳೆನೀರು ಸೋರಿ ಕೊಳೆತ ನೆಲಹಾಸು ಒಣಗಿಸಲು, ಕುಶನ್ ಅಂಗಡಿಯಲ್ಲಿ ಹೊಸ ಬಟ್ಟೆ ಹೊಲಿಸಲು ಸೀಟು ಬಿಚ್ಚಲೇಬೇಕು. ಇದು ಮನೆಯಲ್ಲೇ ಮಾಡಿಕೊಳ್ಳಬಹುದಾದ ಕೆಲಸ, ಕಲಿತಿರುವುದೂ ಒಳ್ಳೆಯದೇ. ತಕರಾರು ಇರುವುದು ಕೆಲಸ ಮುಗಿದ ಮೇಲೆ ಸೀಟು ವಾಪಸ್ ಹೋಗದಿದ್ದಾಗ.

ಈಗ ತೂಕಕ್ಕೆ ಬರೋಣ. ಸಣ್ಣ ಕಾರಿನ ಹಿಂದಿನ ಸೀಟು, ಮೆತ್ತೆ ಬೆನ್ನು ಎರಡೂ ಸೇರಿ, ಇಪ್ಪತ್ತು ಇಪ್ಪತ್ತೈದು ಕೆ.ಜಿ. ತೂಗುತ್ತದೆ. ಇಪ್ಪತ್ತೆರಡು ಎಂದಿಟ್ಟುಕೊಳ್ಳಿ. ಪೆಟ್ರೋಲ್ ಸ್ವಿಫ್ಟ್ 900 ಕೆ.ಜಿ.ಯ ಆಸುಪಾಸು, ಪೋಲೊ ಜಿಟಿ 1,100ರ ಆಸುಪಾಸು. ಹಗುರದ ಕಾರನ್ನೇ ತೆಗೆದುಕೊಂಡು ಓಡಿಸುವವರ 70 ಕೆ.ಜಿ. ಸೇರಿಸಿದರೆ 970. ಅದರಲ್ಲಿ 22 ಅಂದರೆ ಶೇಕಡ 2ಕ್ಕಿಂತ ಚೂರು ಹೆಚ್ಚು. ನಿಂತಲ್ಲಿಂದ ಗಂಟೆಗೆ ನೂರು ಕಿ.ಮೀ. ವೇಗ ಮುಟ್ಟಲು 12 ಸೆಕೆಂಡು ತೆಗೆದುಕೊಳ್ಳುವ ಕಾರು ಸೀಟು ಕಿತ್ತ ಮೇಲೆ ಹನ್ನೊಂದು ಮುಕ್ಕಾಲು ಸೆಕೆಂಡಿಗೆ ಮುಟ್ಟೀತು. ಕಾಲು ಸೆಕೆಂಡಿನ ಈ ಲಾಭ ಗೇರ್ ಬದಲಿಸುವಾಗ ಕ್ಲಚ್ಚಿನ ಮೇಲೆ ಕಾಲು ಒಂದಿಷ್ಟು ತಡೆದರೆ ಹೊರಟುಹೋಗುತ್ತದೆ. ಗರಿಷ್ಠ ವೇಗವಂತೂ ಬದಲಾಗುವುದೇ ಇಲ್ಲ ಎನ್ನಬಹುದು, ಏಕೆಂದರೆ ಅಲ್ಲಿ ಕಾರು ಸೆಣಸುವುದು ಗಾಳಿಯ ಜೊತೆ, ತೂಕದ ಜೊತೆ ಅಲ್ಲ. ಇದೇ 22 ಕೆ.ಜಿ.ಯನ್ನು ಇನ್ನೊಂದು ಬಗೆಯಲ್ಲಿ ನೋಡಿ. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕೆ.ಜಿ.ಗೆ ಹತ್ತಿರ. 2018ರ ಸ್ವಿಫ್ಟಿನ ಟ್ಯಾಂಕು 37 ಲೀಟರಿನದು. ತುಂಬಿದ ಟ್ಯಾಂಕಿನ ಬದಲು ಕಾಲು ಟ್ಯಾಂಕು ಹಾಕಿಕೊಂಡು ಹೊರಟರೆ ಇಪ್ಪತ್ತು ಕೆ.ಜಿ. ಕಡಿಮೆಯಾಯಿತು, ಒಂದು ಬೋಲ್ಟನ್ನೂ ಮುಟ್ಟಲಿಲ್ಲ. ಏರಿನಲ್ಲಿ ಎ.ಸಿ. ಆರಿಸಿದರೂ ಸೀಟು ಕಿತ್ತಿದ್ದಕ್ಕಿಂತ ಹೆಚ್ಚಿನ ಕಸುವು ಚಕ್ರಕ್ಕೆ ಸಿಗುತ್ತದೆ.

ಏರುರಸ್ತೆಯಲ್ಲಿ ತೂಕ ಹೆಚ್ಚು ಕಾಡುತ್ತದಲ್ಲ, ಬಯಲಿನ ಲೆಕ್ಕ ಬೆಟ್ಟಕ್ಕೆ ಹೊಂದುತ್ತದೆಯೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. 400 ಮೀಟರ್ ಎತ್ತರಕ್ಕೆ ಹತ್ತುವ ಒಂದು ಘಾಟಿ ಇದೆ ಎಂದುಕೊಳ್ಳೋಣ. 22 ಕೆ.ಜಿ.ಯನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ ಸುಮಾರು 86 ಕಿಲೋಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ 32,000 ಕಿಲೋಜೂಲಿನಷ್ಟು. ಅದರಲ್ಲಿ ಕಾಲುಭಾಗ ಮಾತ್ರ ಚಕ್ರಕ್ಕೆ ತಲುಪಿ ಉಳಿದದ್ದು ಬಿಸಿಯಾಗಿ ಹೋಗುತ್ತದೆ ಎಂದು ಹಿಡಿದರೂ, ಸೀಟನ್ನು ಬೆಟ್ಟದ ಮೇಲಕ್ಕೆ ಹೊತ್ತೊಯ್ಯಲು ಖರ್ಚಾಗುವ ಪೆಟ್ರೋಲ್ ಹನ್ನೊಂದು ಮಿಲಿಲೀಟರ್ ಮಾತ್ರ. ಕೆಮ್ಮಿನ ಔಷಧದ ಎರಡು ಚಮಚ. ಏರಿನಲ್ಲಿ ಕಾರು ಏದುಸಿರು ಬಿಡಲು ಸೀಟು ಕಾರಣವಲ್ಲ. ಮುಚ್ಚಿಹೋದ ಏರ್ ಫಿಲ್ಟರ್, ಸವೆದ ಕ್ಲಚ್, ಗಾಳಿ ಇಳಿದ ಟೈರು, ಡಿಕ್ಕಿಯಲ್ಲಿ ವರ್ಷಗಟ್ಟಲೆ ಬಿದ್ದಿರುವ ಹಳೆಯ ಬ್ಯಾಟರಿ, ಬೇಡದ ಗೇರಿನಲ್ಲಿ ಎಳೆಸುವ ಅಭ್ಯಾಸ, ಇವುಗಳಲ್ಲಿ ಯಾವುದಾದರೂ ಒಂದಿರುತ್ತದೆ.

ಲಾಭ ಇಷ್ಟು ಸಣ್ಣದಾದರೂ ನಷ್ಟವಿಲ್ಲದಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಆದರೆ ಆ 22 ಕೆ.ಜಿ. ಕಾರಿನ ಎಲ್ಲಿಂದ ಹೋಗುತ್ತದೆ ನೋಡಿ. ಮುಂದಿನ ಚಕ್ರ ಎಳೆಯುವ ಸಣ್ಣ ಕಾರುಗಳಲ್ಲಿ ಎಂಜಿನ್, ಗೇರ್‌ಬಾಕ್ಸ್, ರೇಡಿಯೇಟರ್ ಎಲ್ಲ ಮುಂದೆಯೇ. ಒಬ್ಬರೇ ಓಡಿಸುವಾಗ ಒಟ್ಟು ತೂಕದ ಐದರಲ್ಲಿ ಮೂರು ಪಾಲು ಅಥವಾ ಇನ್ನೂ ಹೆಚ್ಚು ಮುಂದಿನ ಚಕ್ರಗಳ ಮೇಲಿರುತ್ತದೆ. ಹಿಂದಿನ ಸೀಟು ಇರುವುದು ಹಿಂದಿನ ಅಚ್ಚಿನ ಪಕ್ಕದಲ್ಲೇ ಆದ್ದರಿಂದ ಹೋಗುವ ತೂಕದ ಬಹುಪಾಲು ಹಿಂದಿನ ಚಕ್ರಗಳದ್ದೇ. ಒಟ್ಟಾರೆ ಕಾರು ಶೇಕಡ 2ರಷ್ಟು ಹಗುರವಾದರೆ ಹಿಂದಿನ ಚಕ್ರಗಳ ಮೇಲಿನ ಭಾರ ಶೇಕಡ 4–5ರಷ್ಟು ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ತೂಕ ಮೊದಲೇ ಮುಂದಕ್ಕೆ ವಾಲಿರುತ್ತದೆ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಇನ್ನಷ್ಟು ವಾಲುತ್ತದೆ. ಆಗ ನೆಲವನ್ನು ಹಿಡಿದಿಡಬೇಕಾದ ಹಿಂದಿನ ಟೈರುಗಳ ಮೇಲೆ ಭಾರ ಉಳಿದಿರುವುದೇ ಸ್ವಲ್ಪ, ಅದರಲ್ಲೂ ಒಂದು ಪಾಲನ್ನು ನಾವೇ ಅಟ್ಟಕ್ಕೆ ಹಾಕಿದ್ದೇವೆ. ಮಳೆ ಬಿದ್ದ ಮೊದಲ ವಾರ, ಎಲೆ ಕೊಳೆತು ಜಾರುವ ಕಾಡಿನ ರಸ್ತೆಯಲ್ಲಿ ಕಾರಿನ ಹಿಂಭಾಗ ಹೊರಕ್ಕೆ ಬೀಸಲು ಹೆಚ್ಚೇನೂ ಬೇಕಾಗುವುದಿಲ್ಲ. ಎ.ಬಿ.ಎಸ್. ಇದೆಯಲ್ಲ ಎಂಬ ಮಾತು ಸರಿಯೇ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯ. ಆದರೆ ಇಂಥ ಪ್ರಯೋಗಕ್ಕೆ ಸಿಗುವುದು ಸಾಮಾನ್ಯವಾಗಿ ಅದಕ್ಕಿಂತ ಹಳೆಯ ಕಾರು, ಮತ್ತು ಎ.ಬಿ.ಎಸ್. ಚಕ್ರ ಕಚ್ಚಿಕೊಳ್ಳುವುದನ್ನು ತಡೆಯಬಹುದೇ ಹೊರತು ಇಲ್ಲದ ಹಿಡಿತವನ್ನು ಹುಟ್ಟಿಸಲಾರದು.

ಸೀಟಿನ ಬೆನ್ನು ಒರಗುವುದಕ್ಕೆ ಮಾತ್ರ ಇರುವುದಲ್ಲ. ಅದರೊಳಗೆ ಕಬ್ಬಿಣದ ಚೌಕಟ್ಟಿದೆ, ಅದು ಬೀಗದಂಥ ಕೊಂಡಿಯಿಂದ ಬಾಡಿಗೆ ಸಿಕ್ಕಿಕೊಂಡಿದೆ. ಡಿಕ್ಕಿಯಲ್ಲಿರುವ ಸಾಮಾನು ಮುಂದಕ್ಕೆ ನುಗ್ಗದಂತೆ ತಡೆಯುವ ಗೋಡೆ ಅದೇ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಕಾರು ಮರಕ್ಕೆ ಬಡಿದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, ಒಳಗಿನ ಪ್ರತಿ ವಸ್ತುವೂ ತನ್ನ ತೂಕದ ಹದಿನಾಲ್ಕು ಪಟ್ಟು ಬಲದಿಂದ ಮುಂದಕ್ಕೆ ದೂಡಲ್ಪಡುತ್ತದೆ. ಹದಿನೈದು ಕೆ.ಜಿ.ಯ ಟೊಮೆಟೊ ಕ್ರೇಟು ಆ ಗಳಿಗೆಯಲ್ಲಿ 210 ಕೆ.ಜಿ.ಯ ಭಾರದಂತೆ ವರ್ತಿಸುತ್ತದೆ. ಇದೇ ಮಾತನ್ನು ಎತ್ತರದಲ್ಲಿ ಹೇಳುವುದಾದರೆ, ಆ ವೇಗದಲ್ಲಿ ಬಡಿಯುವ ಸಾಮಾನು ಮೂರು ಮಹಡಿಯ ಮೇಲಿಂದ ಬಿದ್ದದ್ದಕ್ಕೆ ಸಮ. ಸ್ಪೇರ್ ಟೈರು, ಜಾಕಿ, ಉಪಕರಣದ ಡಬ್ಬ, ಗ್ಯಾಸ್ ಸಿಲಿಂಡರು, ಯಾವುದೇ ಇರಲಿ, ಅದಕ್ಕೂ ಚಾಲಕರ ತಲೆಗೂ ನಡುವೆ ಈಗ ಏನೂ ಇಲ್ಲ. ಜೊತೆಗೆ ಸದ್ದು. ಸೀಟಿನ ಸ್ಪಂಜು ಸದ್ದನ್ನು ನುಂಗುತ್ತದೆ. ಅದು ಹೋದ ಮೇಲೆ ಟೈರಿನ ಮೊರೆತ, ಸೈಲೆನ್ಸರಿನ ಗುಂಗು, ಚಕ್ರದ ಕಮಾನಿಗೆ ಕಲ್ಲು ಸಿಡಿಯುವ ಶಬ್ದ ಎಲ್ಲವೂ ಖಾಲಿ ತಗಡಿನ ಡಬ್ಬದೊಳಗೆ ಮಾರ್ದನಿಗೊಳ್ಳುತ್ತವೆ. ತಮಾಷೆಯೆಂದರೆ, ಸೀಟು ಕಿತ್ತ ಕಾರು ಜೋರಾಗಿದೆ ಎಂದು ಅನೇಕರಿಗೆ ಅನಿಸುವುದು ಈ ಗಲಾಟೆಯಿಂದಲೇ. ವೇಗ ಅಷ್ಟೇ ಇರುತ್ತದೆ, ಕಿವಿಗೆ ಹೆಚ್ಚಾಗಿ ಕೇಳುತ್ತದೆ.

ಹಾಗಾದರೆ ರೇಸಿನವರು ಯಾಕೆ ಕೀಳುತ್ತಾರೆ? ಇದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಣೆ, ಇದಕ್ಕೆ ಸ್ವಲ್ಪ ನಿಂತು ಉತ್ತರ ಹೇಳಬೇಕು. 1973ರ ಪೋರ್ಷೆ 911 ಕ್ಯಾರೆರಾ ಆರ್‌ಎಸ್ ಕಾರಿನ ಹಗುರದ ಮಾದರಿಯಲ್ಲಿ ಕಂಪನಿಯೇ ಹಿಂದಿನ ಸೀಟು ತೆಗೆದಿತ್ತು. ಅದೇ ಕಾರಿನ ಸೌಕರ್ಯದ ಮಾದರಿಗಿಂತ ಅದು ಸುಮಾರು 100 ಕೆ.ಜಿ. ಹಗುರ. 2008ರಲ್ಲಿ ರೆನೊ ಕಂಪನಿ ಮೆಗಾನ್ ಆರ್26.ಆರ್ ಎಂಬ ಕಾರು ತಂದಾಗ ಹಿಂದಿನ ಸೀಟು ಹೋದದ್ದಷ್ಟೇ ಅಲ್ಲ, ಹಿಂದಿನ ಗಾಜುಗಳು ಪಾಲಿಕಾರ್ಬೊನೇಟ್ ಆದವು, ಬಾನೆಟ್ ಕಾರ್ಬನ್ ಫೈಬರ್ ಆಯಿತು, ಮುಂದಿನ ಸೀಟುಗಳೂ ಬದಲಾದವು. ಇಷ್ಟೆಲ್ಲ ಮಾಡಿದ ಮೇಲೆ ಉಳಿದದ್ದು 123 ಕೆ.ಜಿ. ಆ ಕಾರು ಜರ್ಮನಿಯ ನೂರ್ಬುರ್ಗ್‌ರಿಂಗ್ ಟ್ರ್ಯಾಕಿನಲ್ಲಿ ಮುಂದಿನ ಚಕ್ರ ಎಳೆಯುವ ಕಾರುಗಳ ದಾಖಲೆಯನ್ನೂ ಮಾಡಿತು. ಅಂದರೆ ಸೀಟು ತೆಗೆಯುವುದರಿಂದ ಲಾಭವಾಗುವುದು ಅದು ನೂರು ಕೆಲಸಗಳಲ್ಲಿ ಒಂದಾಗಿದ್ದಾಗ, ಮತ್ತು ಹಗುರವಾದ ಹಿಂಭಾಗಕ್ಕೆ ತಕ್ಕಂತೆ ಎಂಜಿನಿಯರುಗಳು ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಟೈರುಗಳನ್ನು ಹೊಂದಿಸಿದಾಗ. ರ್‍ಯಾಲಿ ಕಾರುಗಳ ಕಥೆಯೂ ಹೀಗೆಯೇ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ರ್‍ಯಾಲಿಯಲ್ಲಾಗಲಿ, ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ರ್‍ಯಾಲಿಗಳಲ್ಲಾಗಲಿ ಓಡುವ ಜಿಪ್ಸಿ, ಪೋಲೊಗಳ ಬಾಗಿಲು ತೆರೆದು ನೋಡಿದರೆ ಹಿಂದಿನ ಸೀಟಿನ ಜಾಗ ಖಾಲಿ ಇರುವುದಿಲ್ಲ. ಅಲ್ಲಿ ಕಬ್ಬಿಣದ ಕೊಳವೆಗಳ ಪಂಜರ ನಿಂತಿರುತ್ತದೆ. ಸೀಟು ತೆಗೆಯಲು ಅದೂ ಒಂದು ಕಾರಣ: ಪಂಜರ ಕೂರಿಸಲು ಜಾಗ ಬೇಕು.

ಆ ಪಂಜರದ ಜೊತೆಗೆ ಅಲ್ಲಿ ಹೆಗಲು ಸೊಂಟ ಬಿಗಿಯುವ ಬೆಲ್ಟು, ಹೆಲ್ಮೆಟ್, ಬೆಂಕಿ ಆರಿಸುವ ಉಪಕರಣ, ಬೆಂಕಿ ತಡೆಯುವ ಉಡುಪು ಎಲ್ಲ ಇರುತ್ತವೆ. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ರೂಪಿಸಿದ ನಿಯಮಾವಳಿಯಲ್ಲಿ ಒಂದು ಷರತ್ತಿದೆ. ಇಂಧನದ ಟ್ಯಾಂಕು ಡಿಕ್ಕಿಯಲ್ಲಿದ್ದು ಹಿಂದಿನ ಸೀಟು ತೆಗೆದಿದ್ದರೆ, ಚಾಲಕ ಕೂರುವ ಜಾಗಕ್ಕೂ ಟ್ಯಾಂಕಿಗೂ ನಡುವೆ ಬೆಂಕಿಯೂ ದ್ರವವೂ ದಾಟದ ಅಡ್ಡಗೋಡೆ ಇರಲೇಬೇಕು. ನನ್ನ ವಾದದ ತಿರುಳು ಈ ಒಂದು ಷರತ್ತಿನಲ್ಲಿದೆ. ವೇಗವೇ ಕಸುಬಾಗಿರುವವರು ಕೂಡ ಸೀಟನ್ನು ಸುಮ್ಮನೆ ತೆಗೆಯುವುದಿಲ್ಲ, ಅದು ಮಾಡುತ್ತಿದ್ದ ಕೆಲಸವನ್ನು ಇನ್ನೊಂದಕ್ಕೆ ಒಪ್ಪಿಸಿ ತೆಗೆಯುತ್ತಾರೆ. ಮನೆಯಂಗಳದಲ್ಲಿ ನಡೆಯುವುದು ಆ ವ್ಯವಹಾರದ ಅರ್ಧ ಮಾತ್ರ. ಅದರಲ್ಲೂ ಖರ್ಚಿಲ್ಲದ ಅರ್ಧ.

‘ಕಾರು ನನ್ನದು, ಸೀಟು ನನ್ನದು, ಯಾರದೇನು?’ ಎಂಬುದು ಮುಂದಿನ ಮಾತು. ಕಾನೂನು ಹಾಗೆ ನೋಡುವುದಿಲ್ಲ. ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೊದಲು ನಮೂದಿಸಿದ ವಿವರಕ್ಕೂ ನೋಂದಣಿ ಪತ್ರದಲ್ಲಿರುವ ವಿವರಕ್ಕೂ ತಾಳೆಯಾಗದಂತೆ ಮಾಲೀಕರು ವಾಹನವನ್ನು ಬದಲಾಯಿಸುವಂತಿಲ್ಲ. ಆರ್.ಸಿ. ಪುಸ್ತಕದಲ್ಲಿ ಆಸನಗಳ ಸಂಖ್ಯೆ ಎಂಬ ಕಲಮೇ ಇದೆ, ಅಲ್ಲಿ ಐದು ಎಂದಿರುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ, ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗುವ ಮಾರ್ಪಾಡು ಸಲ್ಲದು ಎಂದು ಖಚಿತವಾಗಿ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯ 182ಎ ಸೆಕ್ಷನ್ ಹೀಗೆ ಬದಲಾಯಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು ಎನ್ನುತ್ತದೆ. ಒಡೆಯರಪಾಳ್ಯದ ರಸ್ತೆಯಲ್ಲಿ ಸೀಟು ಎಣಿಸಲು ಯಾರು ನಿಂತಿರುತ್ತಾರೆ ಎಂದು ನಗಬಹುದು. ದಾರಿಯಲ್ಲಿ ಹಿಡಿಯದಿರಬಹುದು, ಒಪ್ಪೋಣ. ಆದರೆ ಅಪಘಾತವಾದ ದಿನ ಎಣಿಸಲು ಒಬ್ಬರು ಬಂದೇ ಬರುತ್ತಾರೆ, ಅವರು ವಿಮಾ ಕಂಪನಿಯ ಸರ್ವೇಯರ್. ನಮ್ಮ ದೇಶದ ಖಾಸಗಿ ಕಾರಿನ ಸಾಮಾನ್ಯ ಪಾಲಿಸಿಯನ್ನು ಬಿಡಿಸಿ ಓದಿದರೆ, ಬಾಡಿಗೆಗೆ ಓಡಿಸುವುದು, ಸ್ವಂತ ಲಗೇಜಲ್ಲದ ಸರಕು ಸಾಗಿಸುವುದು, ಆಯೋಜಿತ ರೇಸು, ವೇಗಪರೀಕ್ಷೆ ಇವೆಲ್ಲ ಅದರ ರಕ್ಷಣೆಯ ಹೊರಗೆ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಸೀಟು ಕಿತ್ತ ಕಾರನ್ನು ಕಂಡರೆ ಈ ನಾಲ್ಕರಲ್ಲಿ ಯಾವುದಾದರೂ ಒಂದು ಅನುಮಾನ ಬರುವುದು ಸಹಜ. ಆಮೇಲೆ ವಾದ ಮಾಡುತ್ತ ಕೂರಬೇಕಾದವರು ನಾವೇ.

ಸರಕಿನ ಮಾತು ಬಂದದ್ದರಿಂದ ಹೇಳಬೇಕು: ನಮ್ಮ ಕಡೆ ಸೀಟು ಕೀಳುವ ಆಸೆಗೆ ವೇಗಕ್ಕಿಂತ ಹೊಟ್ಟೆಪಾಡೇ ದೊಡ್ಡ ಕಾರಣವಾಗಬಹುದು. ಕೊಳ್ಳೇಗಾಲದ ಮಾರುಕಟ್ಟೆಗೆ ರೇಷ್ಮೆಗೂಡು, ಸಂತೆಗೆ ತರಕಾರಿ, ಮನೆಗೆ ಗೊಬ್ಬರದ ಚೀಲ ಸಾಗಿಸಬೇಕು. ಒಡೆಯರಪಾಳ್ಯದ ಪಕ್ಕದಲ್ಲೇ 1970ರ ದಶಕದಿಂದ ನೆಲೆಸಿರುವ ಟಿಬೆಟನ್ ಕುಟುಂಬಗಳಲ್ಲಿ ಅನೇಕರಿಗೆ ಚಳಿಗಾಲ ಬಂತೆಂದರೆ ಸ್ವೆಟರ್ ವ್ಯಾಪಾರದ ಗಂಟುಗಳು. ಒಂದು ಕಾರನ್ನೇ ಎಲ್ಲದಕ್ಕೂ ದುಡಿಸಬೇಕು ಎಂಬ ಒತ್ತಾಯ ನನಗೆ ಅರ್ಥವಾಗುತ್ತದೆ, ವೇಗದ ಶೋಕಿಗಿಂತ ಅದಕ್ಕೆ ನನ್ನ ಸಹಾನುಭೂತಿ ಹೆಚ್ಚು. ಆದರೂ ಉತ್ತರ ಬದಲಾಗುವುದಿಲ್ಲ. ಮಡಚುವ ಸೀಟು ಇರುವುದೇ ಇದಕ್ಕೆ. ಬೆನ್ನನ್ನು ಮುಂದಕ್ಕೆ ಮಡಚಿದಾಗಲೂ ಟ್ಯಾಂಕಿನ ಮೇಲೆ ಮೆತ್ತೆ ಉಳಿಯುತ್ತದೆ, ಬೆಲ್ಟುಗಳು ಜಾಗದಲ್ಲೇ ಇರುತ್ತವೆ, ಐದು ನಿಮಿಷದಲ್ಲಿ ಮತ್ತೆ ಐದು ಜನರ ಕಾರಾಗುತ್ತದೆ, ಆರ್.ಸಿ. ಪುಸ್ತಕಕ್ಕೂ ಕಾರಿಗೂ ಜಗಳವಿಲ್ಲ. ಸಾಮಾನನ್ನು ಹಗ್ಗದಿಂದ ಕಟ್ಟಿ, ಮುಂದಿನ ಸೀಟಿನ ಬೆನ್ನಿಗಿಂತ ಮೇಲೆ ಪೇರಿಸದಿದ್ದರೆ ಸಾಕು. ದಿನವೂ ಸರಕೇ ಆದರೆ ಕಂಪನಿಯೇ ಸೀಟಿಲ್ಲದೆ ಮಾಡಿದ ಗಾಡಿಗಳಿವೆ. ಮಾರುತಿ ಈಕೊ ಕಾರ್ಗೋ ಅಂಥದ್ದು, ಅದು ಸರಕು ವಾಹನವಾಗಿಯೇ ನೋಂದಣಿಯಾಗುತ್ತದೆ. ಚಾಲಕರ ಹಿಂದೆ ಸಾಮಾನು ನುಗ್ಗದಂತೆ ಅಡ್ಡತಡೆ ಇರುತ್ತದೆ. ಸೀಟು ಇಲ್ಲದಿದ್ದರೆ ಗೋಡೆ ಬೇಕು ಎಂದು ರೇಸಿನವರು ಹೇಳಿದ್ದನ್ನೇ ಗೂಡ್ಸ್ ಗಾಡಿ ಮಾಡುವವರೂ ಹೇಳುತ್ತಿದ್ದಾರೆ.

‘ಹಿಂದೆ ಯಾರೂ ಕೂರುವುದೇ ಇಲ್ಲ’ ಎಂಬ ಕೊನೆಯ ಸಮಜಾಯಿಷಿ ಬೆಂಗಳೂರಿನಲ್ಲಿ ಒಬ್ಬರೇ ಕೆಲಸಕ್ಕೆ ಹೋಗಿಬರುವವರ ಬಾಯಲ್ಲಿ ನಿಜವಿರಬಹುದು. ಈ ಕಡೆ ಅದು ಒಂದು ವಾರವೂ ನಿಲ್ಲದ ಮಾತು. ಅಮಾವಾಸ್ಯೆ ಬಂದರೆ ಮಾದಪ್ಪನ ಬೆಟ್ಟಕ್ಕೆ ಹೊರಡುವವರು ಇರುತ್ತಾರೆ. ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗಳಲ್ಲಂತೂ ಗಾಡಿ ಇದ್ದವರ ಮನೆ ಮುಂದೆ ನೆಂಟರು ನಿಂತಿರುತ್ತಾರೆ. ರಾತ್ರಿ ಹೊತ್ತು ಹೆರಿಗೆ ನೋವೋ ಹಾವು ಕಡಿತವೋ ಆದರೆ ಊರಿನಲ್ಲಿರುವ ಕಾರು ಎಲ್ಲರ ಕಾರು. ಸೀಟು ಇಲ್ಲ ಎಂದು ಯಾರೂ ಹಿಂದೆ ಸರಿಯುವುದಿಲ್ಲ. ಒಂದು ಕಂಬಳಿ ಹಾಸಿ ನೆಲದ ಮೇಲೆ ಕೂರುತ್ತಾರೆ, ಸೀಟಿದ್ದಾಗ ಮೂವರು ಕೂರುತ್ತಿದ್ದ ಕಡೆ ಐದಾರು ಜನ. ಕೂತವರಿಗೆ ಒರಗಲು ಬೆನ್ನಿಲ್ಲ, ಹಿಡಿಯಲು ಏನೂ ಇಲ್ಲ, ಬೆಲ್ಟ್ ಇದ್ದರೂ ನೆಲದ ಮೇಲೆ ಕೂತವರಿಗೆ ಅದರಿಂದ ಪ್ರಯೋಜನವಿಲ್ಲ. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಮಹಾರಾಷ್ಟ್ರದ ಪಾಲ್ಘರ್ ಬಳಿ ತೀರಿಕೊಂಡದ್ದು ಐಷಾರಾಮಿ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕದೆ ಕೂತಿದ್ದಾಗ. ಏರ್‌ಬ್ಯಾಗುಗಳಿದ್ದ ಅಂಥ ಕಾರಿನಲ್ಲೇ ಬೆಲ್ಟಿಲ್ಲದ ಹಿಂದಿನವರ ಗತಿ ಹಾಗಾದರೆ, ಹಳೆಯ ಸಣ್ಣ ಕಾರಿನ ಬರಿಯ ತಗಡಿನ ಮೇಲೆ ಕಂಬಳಿ ಹಾಸಿ ಕೂತ ಮಕ್ಕಳ ಗತಿಯನ್ನು ಬಿಡಿಸಿ ಹೇಳಬೇಕಿಲ್ಲ. ಹಿಂದೆ ಕೂತವರೂ ಬೆಲ್ಟ್ ಹಾಕಬೇಕು ಎಂಬುದು ಹೊಸ ನಿಯಮವೇನಲ್ಲ. ಹಾಕದಿದ್ದರೆ ಕಾಯ್ದೆ 1,000 ರೂಪಾಯಿ ದಂಡ ಹೇಳುತ್ತದೆ.

ಕಾರನ್ನು ಅದರ ಮಿತಿಯವರೆಗೆ ಓಡಿಸಿ ನೋಡಬೇಕೆಂಬ ಆಸೆ ತಪ್ಪಲ್ಲ, ಅದಕ್ಕೆ ಜಾಗ ಬೇರೆ ಇದೆ. ಚಾಮರಾಜನಗರದ ಕಡೆಯಿಂದ ರಾಷ್ಟ್ರೀಯ ಹೆದ್ದಾರಿ 948ರಲ್ಲಿ ಹಾಸನೂರು ದಾಟಿ, ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಸಾವಧಾನವಾಗಿ ಇಳಿದು, ಸತ್ಯಮಂಗಲದ ಮೂಲಕ ಹೋದರೆ ಕೊಯಮತ್ತೂರು. ಅಲ್ಲಿನ ಚೆಟ್ಟಿಪಾಳ್ಯಂನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಎಂಬ ಟ್ರ್ಯಾಕು 2003ರಿಂದ ಇದೆ. ಭಾರತದ ರೇಸಿಂಗಿಗೆ ಅಗ್ಗದ ಕಾರುಗಳನ್ನು ಕಟ್ಟಿಕೊಟ್ಟು 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಎಸ್. ಕರಿವರ್ಧನ್ ಅವರ ಹೆಸರಿನ ಟ್ರ್ಯಾಕು ಅದು. ಎದುರಿನಿಂದ ಬಸ್ಸು ಬರುವುದಿಲ್ಲ, ತಿರುವಿನಾಚೆ ಆನೆ ನಿಂತಿರುವುದಿಲ್ಲ. ಅಲ್ಲಿಗೆ ಹೋಗುವ ಮೊದಲು ಕೈಯಲ್ಲಿರುವ ದುಡ್ಡನ್ನು ಟೈರಿಗೆ, ಬ್ರೇಕ್ ಪ್ಯಾಡಿಗೆ, ಬ್ರೇಕ್ ಆಯಿಲ್ ಬದಲಿಸುವುದಕ್ಕೆ ಹಾಕಿದವರು ಸೀಟು ಕಿತ್ತವರಿಗಿಂತ ಬೇಗ ಸುತ್ತು ಮುಗಿಸುತ್ತಾರೆ, ಅದರಲ್ಲಿ ನನಗೆ ಸಂಶಯವಿಲ್ಲ.

ಈಗಾಗಲೇ ಸೀಟು ಕಿತ್ತು ಅಟ್ಟಕ್ಕೆ ಹಾಕಿರುವವರು ಈ ವಾರವೇ ಕೆಳಗಿಳಿಸಿ ನೋಡಿ. ಸ್ಪಂಜನ್ನು ಇಲಿ ಕಡಿದಿದ್ದರೆ ಕುಶನ್ ಅಂಗಡಿಗೆ ಕೊಡಿ, ಬೋಲ್ಟು ಕಳೆದಿದ್ದರೆ ಅದೇ ಅಳತೆಯ, ಅದೇ ಗಡಸುತನದ ಹೊಸದನ್ನೇ ತನ್ನಿ, ಕೈಗೆ ಸಿಕ್ಕಿದ ಬೋಲ್ಟನ್ನು ತುರುಕಬೇಡಿ. ಮೆತ್ತೆ ಕೂರಿಸುವ ಮೊದಲು ಬೆಲ್ಟಿನ ಬಕಲ್‌ಗಳನ್ನು ಮೇಲಕ್ಕೆ ಎಳೆದುಕೊಳ್ಳಿ, ವೈರಿನ ಕನೆಕ್ಟರ್ ಸಿಕ್ಕಿಸಿ, ಪೆಟ್ರೋಲ್ ವಾಸನೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಬೆನ್ನಿನ ಕೊಂಡಿ ಪೂರ್ತಿ ಬಿದ್ದಿದೆಯೇ ಎಂದು ಎರಡೂ ಬದಿ ಜಗ್ಗಿ ನೋಡಿ. ಮೂರೂ ಬೆಲ್ಟುಗಳನ್ನು ಹಾಕಿ ತೆಗೆದು ಪರೀಕ್ಷಿಸುವವರೆಗೆ ಹಿಂದೆ ಯಾರನ್ನೂ ಕೂರಿಸಬೇಡಿ.